ಪ್ರಾಸ್ಟೇಟ್ ಇಂಜೆಕ್ಷನ್ ಶುರುವಾದ ಮೇಲೆ ಅಪ್ಪ ಪೂರ್ತಿ ಬದಲಾಗಿದ್ದಾರೆ, ಇದು ಹಾರ್ಮೋನ್ ಕೆಲಸಾನಾ?

ತಿಪಟೂರು_ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪನಿಗೆ 69 ವರ್ಷ. ತೆಂಗಿನ ತೋಟ ಇದೆ. ಹೋದ ವರ್ಷ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಯಿತು. ರೇಡಿಯೇಷನ್ ಮುಗಿದಿದೆ. ಈಗ 3 ತಿಂಗಳಿಗೊಮ್ಮೆ ಲ್ಯೂಪ್ರೊಲೈಡ್ ಇಂಜೆಕ್ಷನ್ ನಡೆಯುತ್ತಿದೆ, ಒಟ್ಟು 2 ವರ್ಷ ತಗೊಳ್ಳಬೇಕು ಅಂದಿದ್ದಾರೆ. ಪಿಎಸ್‌ಎ, ಅಂದರೆ ಈ ಕ್ಯಾನ್ಸರ್ ಎಷ್ಟಿದೆ ಅಂತ ರಕ್ತದಲ್ಲಿ ನೋಡುವ ಲೆಕ್ಕ, ಚೆನ್ನಾಗಿ ಇಳಿದಿದೆ. ಡಾಕ್ಟರಿಗೆ ಸಮಾಧಾನ. ಮನೆಯಲ್ಲಿ ನಮಗೆ ಇಲ್ಲ.

ಕಾಯಿ ಚೀಲ ಹೊತ್ತು ಏಣಿ ಹತ್ತಿ ಅಟ್ಟಕ್ಕೆ ಸುರಿಯುತ್ತಿದ್ದ ಮನುಷ್ಯ ಈಗ ಪಂಪ್‌ಸೆಟ್ ತನಕ ನಡೆದು ಬಂದರೆ ಜಗಲಿ ಮೇಲೆ ಕೂತುಬಿಡುತ್ತಾರೆ. ರಾತ್ರಿ ಇದ್ದಕ್ಕಿದ್ದ ಹಾಗೆ ಹೊದಿಕೆ ಒದ್ದು ಏಳುತ್ತಾರೆ, ಕತ್ತು ಮುಖ ಎಲ್ಲ ಕೆಂಪು, ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು, ಐದು ನಿಮಿಷ ಬಿಟ್ಟು ಚಳಿ ಅಂತ ಮತ್ತೆ ಅದೇ ಹೊದಿಕೆ ಎಳೆದುಕೊಳ್ಳುತ್ತಾರೆ. ಅಜ್ಜಿ ಹೋದಾಗ ಎಲ್ಲರ ಮುಂದೆ ಗಟ್ಟಿಯಾಗಿ ನಿಂತಿದ್ದವರು. ಈಗ ತಂಗಿ ಫೋನ್ ಇಟ್ಟರೆ ಅಳು, ಕರು ಮಾರಿದರೆ ಅಳು, ಸೀರಿಯಲ್ ನೋಡಿದರೂ ಕಣ್ಣಲ್ಲಿ ನೀರು. ಯಾರಾದರೂ ನೋಡಿದರೆ ಸಿಟ್ಟು ಬರುತ್ತದೆ, ಎದ್ದು ಹೋಗುತ್ತಾರೆ. ಹೆಸರುಗಳು ಮರೆಯುತ್ತವೆ. ಶರ್ಟ್ ತಾಗಿದರೂ ಎದೆ ನೋಯುತ್ತದೆ ಅಂತ ಅಮ್ಮನ ಹತ್ತಿರ ಮಾತ್ರ ಹೇಳಿದ್ದಾರೆ.

ಅಮ್ಮ ಯಾರೋ ಏನೋ ಮಾಡಿಸಿದ್ದಾರೆ ಅಂತಾರೆ. ಅಣ್ಣ, ವಯಸ್ಸಾಯಿತು, ಕೆಲಸ ತಪ್ಪಿಸೋಕೆ ಸುಮ್ನೆ ಹೀಗೆ ಅಂತಾನೆ. ನನಗಿರುವ ಭಯ ಬೇರೆ. ಕ್ಯಾನ್ಸರ್ ಮೆದುಳಿಗೆ ಹೋಗಿದೆಯಾ? ಅಥವಾ ಈ ಇಂಜೆಕ್ಷನ್‌ನಿಂದಾನಾ? ಒಂದು ಇಂಜೆಕ್ಷನ್ ಮನುಷ್ಯನ ಸ್ವಭಾವಾನೇ ಬದಲಾಯಿಸುತ್ತದಾ? ಹಾಗಿದ್ದರೆ ನಿಲ್ಲಿಸಬಹುದಾ? ಮುಂದಿನದು ಇನ್ನು ಕೆಲವೇ ದಿನಕ್ಕೆ ಇದೆ.

ವಾರ್ಡ್_ಸಿಸ್ಟರ್_ಮೈಸೂರು:

ಮೊದಲು ಒಂದು ಮಾತು. ಡಾಕ್ಟರನ್ನು ಕೇಳದೆ ಇಂಜೆಕ್ಷನ್ ತಪ್ಪಿಸಬೇಡಿ. ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ, ನೀವು ಬರೆದಿರುವ ಒಂದೊಂದನ್ನೂ ಈ ಇಂಜೆಕ್ಷನ್ ತಗೊಳ್ಳುವ ಗಂಡಸರಲ್ಲಿ ನೋಡಿದ್ದೇನೆ. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೂಳೆಗೆ ಹೋಗುತ್ತದೆ, ಮೆದುಳಿಗೆ ಹೋಗುವುದು ಬಹಳ ಅಪರೂಪ. ಅದೂ ಪಿಎಸ್‌ಎ ಇಳಿದಿದೆ ಅಂತ ನೀವೇ ಹೇಳುತ್ತಿದ್ದೀರಿ. ಡಾಕ್ಟರಿಗೆ ಎಲ್ಲ ಹೇಳಿ, ಆದರೆ ಆ ಭಯದಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಇಂಜೆಕ್ಷನ್ ಏನು ಮಾಡುತ್ತದೆ ಅಂದರೆ, ನಮ್ಮ ಮೆದುಳಿನ ತಳದಲ್ಲಿ ಹೈಪೋಥಲಾಮಸ್ ಅಂತ ಒಂದು ಚಿಕ್ಕ ಭಾಗ ಇದೆ. ಅದು ಗಂಟೆ ಎರಡು ಗಂಟೆಗೊಮ್ಮೆ ಒಂದು ಸಂದೇಶದ ಹಾರ್ಮೋನ್ ಬಿಡುತ್ತದೆ. ಕೆಳಗಿರುವ ಪಿಟ್ಯುಟರಿ ಗ್ರಂಥಿ ಅದನ್ನು ತಗೊಂಡು ವೃಷಣಕ್ಕೆ ಹೇಳುತ್ತದೆ, ವೃಷಣ ಟೆಸ್ಟೋಸ್ಟೆರಾನ್ ಮಾಡುತ್ತದೆ. ಲ್ಯೂಪ್ರೊಲೈಡ್ ಆ ಸಂದೇಶದ ನಕಲು. ಆದರೆ ಬಿಟ್ಟುಬಿಟ್ಟು ಬರುವುದಿಲ್ಲ, ಹಗಲೂ ರಾತ್ರಿ ಒಂದೇ ಸಮ ಇರುತ್ತದೆ. ಪಿಟ್ಯುಟರಿ ಮೊದಲ ಒಂದೆರಡು ವಾರ ಜಾಸ್ತಿ ಕೆಲಸ ಮಾಡಿ, ಆಮೇಲೆ ಪೂರ್ತಿ ಸುಮ್ಮನಾಗುತ್ತದೆ. ಶುರುವಿನಲ್ಲಿ ಬೈಕಾಲುಟಮೈಡ್ ಮಾತ್ರೆ ಕೊಟ್ಟಿದ್ದರೆ ಆ ಮೊದಲ ಏರಿಕೆಯಿಂದ ತೊಂದರೆ ಆಗದಿರಲಿ ಅಂತಾನೇ. ಮೂರು ನಾಲ್ಕು ವಾರದಲ್ಲಿ 300ರಿಂದ 1000ದ ಒಳಗೆ (ಡೆಸಿಲೀಟರಿಗೆ ನ್ಯಾನೊಗ್ರಾಂ ಲೆಕ್ಕ) ಇರಬೇಕಾದ ಟೆಸ್ಟೋಸ್ಟೆರಾನ್ 50ಕ್ಕಿಂತ ಕೆಳಗೆ ಬರುತ್ತದೆ. ಬೀಜ ತೆಗೆಯುವ ಆಪರೇಷನ್ ಮಾಡಿದರೂ ಇದೇ ಫಲಿತಾಂಶ. ಖರ್ಚು ಕಡಿಮೆ ಅಂತ ಅದನ್ನೇ ಆರಿಸಿಕೊಳ್ಳುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಆ ಹಾರ್ಮೋನ್ ತೆಗೆದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ ಷಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ತೋರಿಸಿದ್ದು 1941ರಲ್ಲಿ. 1966ರಲ್ಲಿ ಅವರಿಗೆ ನೊಬೆಲ್ ಬಂತು.

ಕಷ್ಟ ಏನೆಂದರೆ ಆ ಹಾರ್ಮೋನನ್ನು ನಂಬಿಕೊಂಡಿರುವುದು ಕ್ಯಾನ್ಸರ್ ಒಂದೇ ಅಲ್ಲ. ಸ್ನಾಯು, ಮೂಳೆ, ರಕ್ತ, ಮೆದುಳು ಎಲ್ಲವೂ ನಂಬಿಕೊಂಡಿವೆ. ಅಪ್ಪನಿಗೆ ರಕ್ತ ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯಿತು? ಟೆಸ್ಟೋಸ್ಟೆರಾನ್ ಇಲ್ಲದಿದ್ದರೆ ಕೆಂಪು ರಕ್ತಕಣ ಹುಟ್ಟುವುದೂ ಕಡಿಮೆಯಾಗುತ್ತದೆ, ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಇಳಿಯುವುದು ಸಾಮಾನ್ಯ, ಕೆಲವರಿಗೆ ಇನ್ನೂ ಜಾಸ್ತಿ. ಪಂಪ್‌ಸೆಟ್ ತನಕ ನಡೆದರೆ ಸುಸ್ತು ಅನ್ನುವುದರಲ್ಲಿ ಅದರ ಪಾಲೂ ಇರಬಹುದು. ನಿಮ್ಮ ಅಣ್ಣನಿಗೆ ಇದನ್ನು ಖಂಡಿತ ಓದಿಸಿ. ಕೆಲಸ ತಪ್ಪಿಸುವವರ ರಕ್ತ ಕಡಿಮೆಯಾಗುವುದಿಲ್ಲ.

ಕೊಪ್ಪದ_ಸುಮಕ್ಕ:

ನಿಮ್ಮ ಅಮ್ಮನಿಗೆ ಒಂದೇ ಒಂದು ಮಾತು ಕೇಳಿ ನೋಡಿ: "ನಿನಗೆ ಮುಟ್ಟು ನಿಂತಾಗ ಹೇಗಿತ್ತಮ್ಮ?" ಅಪ್ಪನಿಗೆ ಆಗುತ್ತಿರುವುದು ಬಹುಪಾಲು ಅದೇ. ನಮಗೆ ಹಾರ್ಮೋನ್ ಏರಿಳಿದು ವರ್ಷಗಟ್ಟಲೆ ತಗೊಂಡು ನಿಲ್ಲುತ್ತದೆ, ಅವರಿಗೆ ಒಂದೇ ತಿಂಗಳಲ್ಲಿ ನಿಲ್ಲಿಸಿಬಿಟ್ಟಿದ್ದಾರೆ, ಅದೂ 69ರಲ್ಲಿ, ಅದೂ ಗಂಡಸಿಗೂ ಹೀಗಾಗುತ್ತದೆ ಅಂತ ಯಾರೂ ಹೇಳದೆ. ಮೈ ಬಿಸಿ ಏರುವುದು ಶುರುವಾದಾಗ ನನಗೆ ಎದೆ ಡವಡವ ಅಂತ ಹೊಡೆದುಕೊಂಡು, ಈಗ ಏನೋ ಆಗಿಬಿಡುತ್ತದೆ ಅನ್ನುವ ದಿಗಿಲು ಮೊದಲು ಬರುತ್ತಿತ್ತು, ಬಿಸಿ ಆಮೇಲೆ. ರಾತ್ರಿ ಮೂರಕ್ಕೆ ಹಾಗೆ ಎದ್ದವಳಿಗೆ ಬೆಳಿಗ್ಗೆ ಯಾರಾದರೂ "ಉಪ್ಪಿಟ್ಟಿಗೆ ಉಪ್ಪು ಕಡಿಮೆ" ಅಂದರೆ ಅಳು ಬರದೆ ಇನ್ನೇನು ಬರುತ್ತದೆ?

ಅಮ್ಮನಿಗೆ ಇದು ಅರ್ಥವಾದರೆ ಮಾಟದ ಮಾತು ತಾನಾಗಿ ನಿಲ್ಲುತ್ತದೆ. ಇದನ್ನು ಮೈಯಲ್ಲಿ ಅನುಭವಿಸಿದವರು ಮನೆಯಲ್ಲಿ ಅವರೊಬ್ಬರೇ ಅಲ್ವಾ.

ಶರೀರಶಾಸ್ತ್ರ_ಮೇಷ್ಟ್ರು:

ಸುಮಕ್ಕ ಹೇಳಿದ್ದು ವಿಜ್ಞಾನದ ಲೆಕ್ಕದಲ್ಲೂ ಸರಿ. ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುವವನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟೆಸ್ಟೋಸ್ಟೆರಾನ್ ಗಂಡಸಿನದು, ಈಸ್ಟ್ರೋಜನ್ ಹೆಂಗಸಿನದು ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಅದು ಅರ್ಧ ಸತ್ಯ. ಗಂಡಸಿನ ಮೈಯಲ್ಲೂ ಈಸ್ಟ್ರೋಜನ್ ಇದೆ, ಅದು ತಯಾರಾಗುವುದೇ ಟೆಸ್ಟೋಸ್ಟೆರಾನ್‌ನಿಂದ. ಅರೋಮಟೇಸ್ ಅನ್ನುವ ಕಿಣ್ವ ಕೊಬ್ಬಿನಲ್ಲಿ, ಮೂಳೆಯಲ್ಲಿ, ಮೆದುಳಿನಲ್ಲೂ ಈ ಬದಲಾವಣೆ ಮಾಡುತ್ತದೆ. ಹಾಗಾಗಿ ಇಂಜೆಕ್ಷನ್ ಕೊಟ್ಟಾಗ ನಿಮ್ಮ ತಂದೆ ಕಳೆದುಕೊಂಡದ್ದು ಒಂದು ಹಾರ್ಮೋನ್ ಅಲ್ಲ, ಎರಡು.

ಎರಡನೆಯದು ಎಷ್ಟು ಮುಖ್ಯ ಅಂತ ವೈದ್ಯ ಜಗತ್ತಿಗೆ ಸರಿಯಾಗಿ ಗೊತ್ತಾದದ್ದು 1994ರಲ್ಲಿ. ಅಮೆರಿಕದಲ್ಲಿ 28 ವರ್ಷದ ಒಬ್ಬ ಯುವಕ, 204 ಸೆಂಟಿಮೀಟರ್ ಎತ್ತರ, ಇನ್ನೂ ಬೆಳೆಯುತ್ತಲೇ ಇದ್ದ. ಟೆಸ್ಟೋಸ್ಟೆರಾನ್ ಸರಿಯಾಗಿತ್ತು, ಈಸ್ಟ್ರೋಜನ್ ಕೂಡ ಇತ್ತು. ಆದರೆ ಈಸ್ಟ್ರೋಜನ್ ಹೇಳುವುದನ್ನು ಕೇಳಿಸಿಕೊಳ್ಳುವ ಗ್ರಾಹಕವೇ ಹುಟ್ಟಿನಿಂದ ಕೆಟ್ಟಿತ್ತು. ಹದಿಹರೆಯ ಮುಗಿದಾಗ ಮುಚ್ಚಿಕೊಳ್ಳಬೇಕಿದ್ದ ಮೂಳೆಯ ತುದಿಗಳು ಮುಚ್ಚಿಕೊಂಡೇ ಇರಲಿಲ್ಲ, ಆ ವಯಸ್ಸಿಗೇ ಮೂಳೆ ಮುದುಕರ ಮೂಳೆಯಷ್ಟು ಸವೆದಿತ್ತು. ಗಂಡಸಿನ ಮೂಳೆಯನ್ನು ಕಾಯುವುದು ಹೆಚ್ಚಾಗಿ ಈಸ್ಟ್ರೋಜನ್ ಅನ್ನುವುದಕ್ಕೆ ಅಷ್ಟು ಸ್ಪಷ್ಟ ಸಾಕ್ಷಿ ಅದಕ್ಕೆ ಮೊದಲು ಇರಲಿಲ್ಲ.

2013ರಲ್ಲಿ ಬಾಸ್ಟನ್‌ನಲ್ಲಿ ಇನ್ನೂ ಚೆನ್ನಾದ ಒಂದು ಅಧ್ಯಯನ ಪ್ರಕಟವಾಯಿತು. ಆರೋಗ್ಯವಾಗಿರುವ, 20ರಿಂದ 50 ವರ್ಷದ ಗಂಡಸರು. ನಿಮ್ಮ ತಂದೆಗೆ ಕೊಡುವ ಜಾತಿಯ ಔಷಧದಿಂದಲೇ ಅವರ ಹಾರ್ಮೋನ್ ನಿಲ್ಲಿಸಿದರು. ಆಮೇಲೆ ಬೇರೆ ಬೇರೆ ಪ್ರಮಾಣದಲ್ಲಿ ಟೆಸ್ಟೋಸ್ಟೆರಾನ್ ಜೆಲ್ ಕೊಟ್ಟರು. ಅರ್ಧ ಜನಕ್ಕೆ ಅದು ಈಸ್ಟ್ರೋಜನ್ ಆಗದಂತೆ ತಡೆಯುವ ಮಾತ್ರೆಯನ್ನೂ ಕೊಟ್ಟರು. ಸ್ನಾಯುವಿನ ಗಾತ್ರ ಮತ್ತು ಶಕ್ತಿ ಟೆಸ್ಟೋಸ್ಟೆರಾನ್ ಹೇಳಿದಂತೆ ಏರಿಳಿಯಿತು. ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಈಸ್ಟ್ರೋಜನ್ ಕೊರತೆಯಿಂದ. ಲೈಂಗಿಕ ಆಸಕ್ತಿಗೆ ಎರಡೂ ಬೇಕು.

ಈಗ ಬೆವರಿನ ವಿಷಯ. ಹೈಪೋಥಲಾಮಸ್‌ನಲ್ಲಿ ಲೈಂಗಿಕ ಹಾರ್ಮೋನುಗಳನ್ನು ಸದಾ ಅಳೆಯುತ್ತಿರುವ ಒಂದು ನರಕೋಶಗಳ ಗುಂಪು ಇದೆ. ರಕ್ತದಲ್ಲಿ ಈಸ್ಟ್ರೋಜನ್ ಕಾಣದೇ ಹೋದರೆ ಅವು ನ್ಯೂರೋಕೈನಿನ್ ಬಿ ಅನ್ನುವ ವಸ್ತುವನ್ನು ಜೋರಾಗಿ ಬಿಡುತ್ತವೆ. ಪಕ್ಕದಲ್ಲೇ ಮೈಯ ಉಷ್ಣತೆ ನೋಡಿಕೊಳ್ಳುವ ಕೇಂದ್ರ. ಅದು ಮೈ ಕಾದಿದೆ ಅಂತ ತಪ್ಪಾಗಿ ತಿಳಿದು ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಮುಖ ಕೆಂಪಾಗುತ್ತದೆ, ಬೆವರು ಬಿಡಿಸುತ್ತದೆ. ಬೆವರು ಆರಿದಾಗ ನಿಜವಾಗಿಯೂ ಮೈ ತಣ್ಣಗಾಗಿರುತ್ತದೆ, ಅದಕ್ಕೇ ಚಳಿ. ಅಪ್ಪ ಒದ್ದ ಹೊದಿಕೆಯನ್ನೇ ಮತ್ತೆ ಎಳೆದುಕೊಳ್ಳುವುದಕ್ಕೆ ಇದೇ ಕಾರಣ. ಆ ನರಕೋಶಗಳ ಸಂದೇಶವನ್ನೇ ತಡೆಯುವ ಫೆಜೊಲಿನೆಟಾಂಟ್ ಅನ್ನುವ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮುಟ್ಟು ನಿಂತ ಹೆಂಗಸರಿಗೆ ಅಂತ. ಗಂಡಸರಿಗೆ ಡಾಕ್ಟರುಗಳು ವೆನ್ಲಾಫಾಕ್ಸಿನ್, ಗ್ಯಾಬಾಪೆಂಟಿನ್ ಥರದ ಹಳೆಯ ಮಾತ್ರೆಗಳನ್ನು ಬಳಸುತ್ತಾರೆ. ಕೇಳಿದರೆ ಕೊಡುತ್ತಾರೆ, ಆದರೆ ನಮ್ಮ ಗಂಡಸರು ಕೇಳುವುದೇ ಇಲ್ಲ.

ಅಳು, ಮರೆವು? ಭಾವನೆ ನೋಡಿಕೊಳ್ಳುವ ಅಮಿಗ್ಡಲಾ, ನೆನಪು ಕಟ್ಟುವ ಹಿಪೊಕ್ಯಾಂಪಸ್, ಎರಡರಲ್ಲೂ ಈ ಹಾರ್ಮೋನುಗಳ ಗ್ರಾಹಕಗಳಿವೆ. ಈ ಚಿಕಿತ್ಸೆಯಲ್ಲಿ ಖಿನ್ನತೆ ಹೆಚ್ಚುತ್ತದೆ ಅನ್ನುವುದು ಗಟ್ಟಿ. ಮರೆವಿನ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ಮುರಿದ ನಿದ್ದೆಯೇ ಅದರಲ್ಲಿ ದೊಡ್ಡ ಪಾಲು ಅಂತ ನನ್ನ ಅಭಿಪ್ರಾಯ. ಅವರು ನಾಟಕ ಮಾಡುತ್ತಿಲ್ಲ. ಅಳು ಹಿಡಿದಿಟ್ಟುಕೊಳ್ಳುವ ಬಲ ಕಡಿಮೆಯಾಗಿದೆ, ಅಷ್ಟೇ. ದುಃಖ ಹೊಸದಲ್ಲ.

ಆಯುರ್_ಶಕ್ತಿ_ಹಾಸನ:

ಇಷ್ಟೆಲ್ಲ ಕಷ್ಟ ಯಾಕೆ? ಶಿಲಾಜಿತು, ಅಶ್ವಗಂಧ ಸೇರಿಸಿದ ಪುಡಿ ಕೊಡಿ, ಗಂಡಸುತನ ವಾಪಸ್ ಬರುತ್ತದೆ. ನನ್ನ ಭಾವನಿಗೆ 60ರಲ್ಲಿ ಒಳ್ಳೆ ಗುಣ ಕಂಡಿದೆ.

ವಾರ್ಡ್_ಸಿಸ್ಟರ್_ಮೈಸೂರು:

ಅಣ್ಣಾ, ನಿಮ್ಮ ಭಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇಲ್ಲ. ಇಲ್ಲಿ ಇಡೀ ಚಿಕಿತ್ಸೆಯ ಉದ್ದೇಶವೇ ಟೆಸ್ಟೋಸ್ಟೆರಾನ್ ಇಳಿಸುವುದು. ಅದನ್ನು ಏರಿಸುವ ಪುಡಿ ಕೊಟ್ಟರೆ ಕ್ಯಾನ್ಸರಿಗೇ ಊಟ ಹಾಕಿದ ಹಾಗೆ. ಅಶ್ವಗಂಧ ಟೆಸ್ಟೋಸ್ಟೆರಾನ್ ಸ್ವಲ್ಪ ಏರಿಸುತ್ತದೆ ಅಂತ ಕೆಲವು ಚಿಕ್ಕ ಅಧ್ಯಯನಗಳು ತೋರಿಸಿವೆ, ಹಾಗಾಗಿ ಈ ಕಾಯಿಲೆ ಇರುವವರು ಡಾಕ್ಟರಿಗೆ ಹೇಳದೆ ಮುಟ್ಟಲೇಬಾರದು. ಇನ್ನು ಹೆಸರಿಲ್ಲದ ಡಬ್ಬಿಯ ಶಕ್ತಿ ಪುಡಿಗಳಲ್ಲಿ ಏನಿರುತ್ತದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ತಂಗೀ, ಮನೆಗೆ ಬರುವ ನೆಂಟರು ತಂದುಕೊಟ್ಟರೂ ಇಸಿದುಕೊಂಡು ಪಕ್ಕಕ್ಕಿಡಿ, ಅಪ್ಪನ ಕೈಗೆ ಹೋಗದಿರಲಿ.

ನಿವೃತ್ತ_ಬೇಸಾಯಗಾರ:

ತಾಯೀ, ನಾನೂ ಇದೇ ಇಂಜೆಕ್ಷನ್ ತಗೊಳ್ಳುವವನು. ಮಗ ಟೈಪ್ ಮಾಡುತ್ತಿದ್ದಾನೆ, ಮಾತು ನನ್ನವು.

ಹೋರಿಗೆ ಬೀಜ ಒಡೆಸುವುದನ್ನು ನೋಡಿಕೊಂಡೇ ಬೆಳೆದವರು ನಾವು. ನಿಮ್ಮ ತಂದೆಯೂ ನೋಡಿರುತ್ತಾರೆ. ಹಿಣಿಲು ಇಳಿಯುತ್ತದೆ, ಹಾಯುವ ಗುಣ ಹೋಗುತ್ತದೆ, ನೊಗಕ್ಕೆ ಕತ್ತು ಕೊಡುತ್ತದೆ. ಡಾಕ್ಟರು ನನಗೆ ಇಂಜೆಕ್ಷನ್ ಬಗ್ಗೆ ಹೇಳಿದಾಗ ಇಂಗ್ಲಿಷ್ ಪದ ಎಲ್ಲ ಕಿವಿಗೆ ಬಿತ್ತು, ಮನಸ್ಸಿಗೆ ಬಂದದ್ದು ಅದೊಂದೇ. ಯಾರ ಹತ್ತಿರ ಹೇಳಿಕೊಳ್ಳುವುದು? ಹೆಂಡತಿ ಹತ್ತಿರ ಹೇಳಲು ನಾಚಿಕೆ, ಮಕ್ಕಳ ಹತ್ತಿರ ಹೇಗೆ ಹೇಳುವುದು. ನಿಮ್ಮ ತಂದೆ ಸಿಟ್ಟಿನಲ್ಲಿ ಎದ್ದು ಹೋಗುವುದು ನಿಮ್ಮ ಮೇಲಿನ ಸಿಟ್ಟಿಂದ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತು, ಮಗಳ ಹತ್ತಿರ ಹೇಳುವುದಲ್ಲ, ಆದರೂ ಅಮ್ಮನಿಗೆ ತಲುಪಿಸಿ. ಈ ಇಂಜೆಕ್ಷನ್‌ಗೆ ಆ ಆಸೆ ಪೂರ್ತಿ ಹೋಗುತ್ತದೆ. ಆಸೆ ಇದ್ದು ಆಗದಿರುವುದು ಬೇರೆ. ಇಲ್ಲಿ ಆಸೆಯೇ ಹುಟ್ಟುವುದಿಲ್ಲ. ನಾನು ಅದಕ್ಕೆ ಹೆದರಿ ಹೆಂಡತಿ ಪಕ್ಕ ಕೂರುವುದನ್ನೇ ಬಿಟ್ಟಿದ್ದೆ. ಅವಳು ನನ್ನ ಮೇಲೆ ಇವರಿಗೆ ಬೇಜಾರು ಅಂದುಕೊಂಡು ತಿಂಗಳುಗಟ್ಟಲೆ ಒಳಗೇ ಕೊರಗಿದಳು. ಆಸ್ಪತ್ರೆಯ ಸಿಸ್ಟರ್ ಒಬ್ಬರು ಇಬ್ಬರನ್ನೂ ಕೂರಿಸಿಕೊಂಡು, ಇದು ಔಷಧದ ಗುಣ, ಪ್ರೀತಿ ಕಡಿಮೆಯಾಗಿರುವುದಲ್ಲ ಅಂತ ಬಾಯಿಬಿಟ್ಟು ಹೇಳಿದರು. ಈಗ ರಾತ್ರಿ ನಾನು ಬೆವರಿ ಎದ್ದರೆ ಅವಳೇ ಒಣ ಟವಲ್ ಎತ್ತಿ ಕೊಡುತ್ತಾಳೆ. ಹತ್ತಿ ಬನಿಯನ್ ಎರಡು ದಿಂಬಿನ ಪಕ್ಕ ಇಟ್ಟಿರುತ್ತೇವೆ. ಸಂಜೆ ಮೇಲೆ ಕಾಫಿ ಬಿಟ್ಟೆ, ಖಾರ ಕಡಿಮೆ ಮಾಡಿದೆ, ನನಗೆ ಅದರಿಂದ ರಾತ್ರಿ ಸ್ವಲ್ಪ ವಾಸಿ.

ಕೆಲಸ ಪೂರ್ತಿ ಬಿಡಿಸಬೇಡಿ. ಕೂತರೆ ಇನ್ನೂ ಕುಸಿಯುತ್ತಾರೆ.

ತಿಪಟೂರು_ಮಗಳು:

ಎಲ್ಲರಿಗೂ ಕೈ ಮುಗಿಯುತ್ತೇನೆ. ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಸುಮಕ್ಕನ ಮಾತು ಕೇಳಿ ಅಮ್ಮ ತುಂಬಾ ಹೊತ್ತು ಸುಮ್ಮನಿದ್ದು, "ನಂಗೂ ಹಿಂಗೇ ಆಗ್ತಿತ್ತು, ಆಗ ನಿಮ್ಮಪ್ಪ ಫ್ಯಾನ್ ನನ್ನ ಕಡೆ ತಿರುಗಿಸ್ತಿದ್ರು" ಅಂದರು. ಹಿರಿಯರ ಮಾತನ್ನೂ ತಲುಪಿಸಿದ್ದೇನೆ.

ಸೋಮವಾರ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಡಾಕ್ಟರಿಗೆ ಏನೇನು ಕೇಳಬೇಕು? ಅಲ್ಲಿ ಸಿಗುವುದು ಐದು ನಿಮಿಷ.

ವಾರ್ಡ್_ಸಿಸ್ಟರ್_ಮೈಸೂರು:

ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಕ್ತದಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಕೊಲೆಸ್ಟ್ರಾಲ್, ವಿಟಮಿನ್ ಡಿ ನೋಡಿಸಿ. ಸಕ್ಕರೆ ಯಾಕೆ ಅಂದರೆ ಈ ಇಂಜೆಕ್ಷನ್ ಸ್ನಾಯು ಕರಗಿಸಿ ಕೊಬ್ಬು ಸೇರಿಸುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಅಮೆರಿಕದಲ್ಲಿ 70 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2006ರಲ್ಲಿ ಬರೆದಿರುವ ಪ್ರಕಾರ ಇದನ್ನು ತಗೊಂಡವರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವ ಅಪಾಯ ಶೇ 44ರಷ್ಟು ಹೆಚ್ಚು. ಡೆಕ್ಸಾ ಸ್ಕ್ಯಾನ್ ಅಂತ ಮೂಳೆಯ ಪರೀಕ್ಷೆ ಇದೆ, ಅದನ್ನು ನೀವೇ ಬಾಯಿಬಿಟ್ಟು ಕೇಳಬೇಕಾಗಬಹುದು. 2005ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಕಾಯಿಲೆ ಗೊತ್ತಾಗಿ 5 ವರ್ಷ ಬದುಕಿದವರನ್ನು ನೋಡಿದರೆ, ಹಾರ್ಮೋನ್ ಚಿಕಿತ್ಸೆ ತಗೊಂಡವರಲ್ಲಿ ಶೇ 19.4 ಮಂದಿಗೆ ಮೂಳೆ ಮುರಿದಿತ್ತು, ತಗೊಳ್ಳದವರಲ್ಲಿ ಶೇ 12.6. ತೋಟದಲ್ಲಿ ಏಣಿ ಹತ್ತುವ ಮನುಷ್ಯನಿಗೆ ಇದು ಸಣ್ಣ ವಿಷಯ ಅಲ್ಲ. ಏಣಿ ಇನ್ನು ಬೇಡ.

ಮೂಳೆ ಸವೆದಿದ್ದರೆ ಝೊಲೆಡ್ರಾನಿಕ್ ಆಸಿಡ್ ಡ್ರಿಪ್ ಅಥವಾ ಡೆನೊಸುಮಾಬ್ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳುವ ಹಲ್ಲಿದ್ದರೆ ಮೊದಲೇ ಕೀಳಿಸಿಬಿಡಿ. ಆ ಔಷಧ ಶುರುವಾದ ಮೇಲೆ ಹಲ್ಲು ಕಿತ್ತರೆ ಕೆಲವರಿಗೆ ದವಡೆಯ ಮೂಳೆ ವಾಸಿಯಾಗದೆ ಕೊಳೆಯುತ್ತದೆ. ರಾಗಿ ಮುದ್ದೆ ನಿಮ್ಮ ಮನೆಯಲ್ಲಿ ಹೇಗೂ ಇದ್ದೇ ಇರುತ್ತದೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೊತೆಗೆ ಹಾಲು ಮೊಸರು ಕೊಡಿ.

ಶರ್ಟ್ ತಾಗಿದರೆ ಎದೆ ನೋಯುವ ವಿಷಯವನ್ನು ಅಪ್ಪನೇ ಹೇಳಲಿ, ನಾಚಿಕೆಪಟ್ಟರೆ ನೀವು ಚೀಟಿ ತೋರಿಸಿ. ಬೈಕಾಲುಟಮೈಡ್ ಇನ್ನೂ ನಡೆಯುತ್ತಿದ್ದರೆ ಅದರಿಂದಲೂ ಇರಬಹುದು. ಅಳು, ಸಿಟ್ಟು, ನಿದ್ದೆಯ ವಿಷಯವನ್ನೂ ಮುಚ್ಚಿಡಬೇಡಿ. "ಬದುಕಿ ಏನು ಮಾಡಬೇಕು" ಅನ್ನುವ ಥರದ ಮಾತು ಬಂದರೆ ಸೋಮವಾರದ ತನಕ ಕಾಯದೆ ಅವತ್ತೇ ಕರೆದುಕೊಂಡು ಹೋಗಿ.

ಇನ್ನೊಂದು, ಇದನ್ನು ಮನೆಯವರೆಲ್ಲ ತಿಳಿದಿರಬೇಕು: ಹೊಸದಾಗಿ ಜೋರು ಬೆನ್ನುನೋವು ಬಂದು, ಕಾಲಿನ ಶಕ್ತಿ ಹೋದರೆ ಅಥವಾ ಮೂತ್ರ ಕಟ್ಟಿಕೊಂಡರೆ ಅದು ಹಾರ್ಮೋನ್ ಅಂತ ಸುಮ್ಮನಿರಬೇಡಿ. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಹೋಗಬೇಕಾದ ವಿಷಯ ಅದು.

ಶರೀರಶಾಸ್ತ್ರ_ಮೇಷ್ಟ್ರು:

ವ್ಯಾಯಾಮದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಇದಕ್ಕೆ ಸಾಕ್ಷಿ ಗಟ್ಟಿ ಇದೆ. ಆಸ್ಟ್ರೇಲಿಯಾದಲ್ಲಿ ಈ ಚಿಕಿತ್ಸೆಯಲ್ಲಿರುವವರಿಗೇ 12 ವಾರ ಭಾರ ಎತ್ತುವ ವ್ಯಾಯಾಮ, ನಡಿಗೆ ಥರದ್ದು ಎರಡನ್ನೂ ಮಾಡಿಸಿದರು. ಟೆಸ್ಟೋಸ್ಟೆರಾನ್ ಇಲ್ಲದೆಯೂ ಸ್ನಾಯು ಹೆಚ್ಚಿತು, ಶಕ್ತಿ ಹೆಚ್ಚಿತು. ಬರೀ ವಾಕಿಂಗ್ ಸಾಲದು, ಭಾರ ಬೇಕು. ಮೂಳೆಯ ಸ್ಕ್ಯಾನ್ ನೋಡಿದ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಎಷ್ಟು ಭಾರ ಅಂತ ಕೇಳಿಕೊಳ್ಳಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಬಹುದು.

ಇಂಜೆಕ್ಷನ್ ನಿಂತ ಮೇಲೆ ಮೊದಲಿನ ಹಾಗೆ ಆಗುತ್ತಾರಾ ಅಂತ ನೀವು ಕೇಳಲಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಹೆಚ್ಚಿನವರಲ್ಲಿ ಹಾರ್ಮೋನ್ ಮತ್ತೆ ಏರುತ್ತದೆ, ನಿಧಾನವಾಗಿ, ತಿಂಗಳುಗಳು ಬೇಕು. ವಯಸ್ಸಾದವರಲ್ಲಿ ಇನ್ನೂ ತಡ, ಕೆಲವರಲ್ಲಿ ಪೂರ್ತಿ ಬರುವುದಿಲ್ಲ. ಅದಕ್ಕೇ ಮೂಳೆ ಸ್ನಾಯು ಈಗಲೇ ಉಳಿಸಿಕೊಳ್ಳಬೇಕು.

ತಿಪಟೂರು_ಮಗಳು:

ಹೋಗಿ ಬಂದೆವು. ಹಿಮೋಗ್ಲೋಬಿನ್ 10.9 ಇದೆ, ಮೊದಲು 13ರ ಹತ್ತಿರ ಇತ್ತಂತೆ. ಸಕ್ಕರೆ ಗಡಿಯಲ್ಲಿದೆ. ಮೂಳೆ ಸ್ಕ್ಯಾನ್‌ಗೆ ಮುಂದಿನ ವಾರ ಬರೆದುಕೊಟ್ಟಿದ್ದಾರೆ, ಹಲ್ಲಿನ ಡಾಕ್ಟರಿಗೂ. ಇಂಜೆಕ್ಷನ್ ಹಾಕಿಸಿಕೊಂಡೇ ಬಂದೆವು. ಡಾಕ್ಟರು ಅಪ್ಪನ ಕಡೆಗೇ ತಿರುಗಿ, ನಿಮ್ಮ ಬೆವರು, ಅಳು ಎಲ್ಲ ಈ ಔಷಧದ್ದು ಅಂದಾಗ ಅಪ್ಪ "ಹಂಗಾದ್ರೆ ನಂಗೆ ತಲೆ ಕೆಟ್ಟಿಲ್ವಾ ಡಾಕ್ಟ್ರೇ?" ಅಂತ ಕೇಳಿದರು. ಇಷ್ಟು ದಿನ ಆ ಮನುಷ್ಯ ಅದನ್ನೇ ಅಂದುಕೊಂಡಿದ್ದರು, ಯಾರ ಹತ್ತಿರವೂ ಹೇಳದೆ. ಅಣ್ಣನೂ ಅಲ್ಲೇ ನಿಂತಿದ್ದ.

ವೆನ್ಲಾಫಾಕ್ಸಿನ್ ಚಿಕ್ಕ ಡೋಸ್ ಕೊಟ್ಟಿದ್ದಾರೆ, ಬೆಳಿಗ್ಗೆ ಊಟ ಆದ ಮೇಲೆ ಅಂತ. ಮೊದಲ ದಿನ ಸ್ವಲ್ಪ ವಾಕರಿಕೆ ಅಂದರು. ಅದು ಎಷ್ಟು ದಿನಕ್ಕೆ ಸರಿಹೋಗುತ್ತದೆ, ತಗೊಂಡವರು ಯಾರಾದರೂ ಇದ್ದರೆ ಹೇಳಿ.

ನಿವೃತ್ತ_ಬೇಸಾಯಗಾರ:

ನನಗೆ ಒಂದು ವಾರದಲ್ಲಿ ಸರಿಹೋಯಿತು ತಾಯೀ. ಖಾಲಿ ಹೊಟ್ಟೆಯಲ್ಲಿ ಮಾತ್ರ ಕೊಡಬೇಡಿ. ಸರಿಹೋಗದಿದ್ದರೂ ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಅಪ್ಪನಿಗೆ ಮಾತಾಡಬೇಕು ಅನ್ನಿಸಿದರೆ ಇಲ್ಲಿ ಖಾಸಗಿ ಮೆಸೇಜ್ ಹಾಕಿ, ನನ್ನ ನಂಬರ್ ಕೊಡುತ್ತೇನೆ. ಸಂಜೆ ಆರರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.